ನೂರನೆಯ ಸುತ್ತಿನವರೆಗೆ

ಮದ್ದಿಕೇರದವರಿಗೆ ಪಂದ್ಯವೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ವಿಜಯದಶಮಿಯಂದು ಕುದುರೆಗಳು ಧೂಳೆಬ್ಬಿಸಿಕೊಂಡು ಊರಿಗೆ ಮರಳುವಾಗ, ಮುಂದಿರುವ ಕುದುರೆ ಯಾವ ಮನೆತನದ್ದೆಂದು ದೂರದಿಂದಲೇ ಗುರುತಿಸುವ ಕಣ್ಣು ಇಲ್ಲಿಯ ಮಕ್ಕಳಿಗೂ ಉಂಟು. ಆರಂಭದಲ್ಲಿಯೇ ಕುದುರೆಯ ಕಸುವನ್ನೆಲ್ಲ ಖರ್ಚು ಮಾಡಿದವನು ಊರು ಸಮೀಪಿಸುವ ಹೊತ್ತಿಗೆ ಹಿಂದೆ ಬೀಳುತ್ತಾನೆಂಬುದನ್ನು ಕಟ್ಟೆಯ ಮೇಲೆ ಕುಳಿತ ಹಿರಿಯರು ವರ್ಷವರ್ಷವೂ ವಿಮರ್ಶಿಸುತ್ತಾರೆ. ಆದುದರಿಂದ ಈ ಊರಿನ ಓದುಗರ ಮುಂದೆ ಒಂದು ಪಂದ್ಯದ ವೃತ್ತಾಂತವನ್ನಿಡಲು ನನಗೆ ಸಂಕೋಚವಿಲ್ಲ. ಆದರೆ ಈ ಪಂದ್ಯದಲ್ಲಿ ಕುದುರೆಯಿಲ್ಲ, ಸೈಕಲ್ ಇದೆ. ಸವಾರರೆಲ್ಲರೂ ಮಹಿಳೆಯರು. ಅದು ನಡೆದದ್ದು 2008ರ ಆಗಸ್ಟ್ 18ರಂದು, ಬೀಜಿಂಗ್ ಒಲಿಂಪಿಕ್ಸ್‌ನ ಲಾವೋಶಾನ್ ಸೈಕಲ್ ಕ್ರೀಡಾಂಗಣದಲ್ಲಿ. ಅಂದು ಎರಡನೆಯವರಾಗಿ ಬೆಳ್ಳಿ ಪದಕ ಪಡೆದವರು ಕ್ಯೂಬಾ ದೇಶದ ಯೊವಾಂಕಾ ಗೊನ್ಸಾಲೆಸ್. ಆಗ ಅವರ ವಯಸ್ಸು 32. ಒಲಿಂಪಿಕ್ಸ್ ಸೈಕಲ್ ಸ್ಪರ್ಧೆಗಳಲ್ಲಿ ಆ ದೇಶಕ್ಕೆ ದೊರೆತಿರುವ ಏಕೈಕ ಪದಕ ಅದು.

ವಕೀಲಿ ವೃತ್ತಿಯವನಾದ ನಾನು ಇಷ್ಟು ದೂರದ ಆಟಗಾರ್ತಿಯ ವಿಷಯವನ್ನು ಏಕೆ ಎತ್ತಿಕೊಂಡೆನೆಂದು ತಾವು ಕೇಳಬಹುದು. ಕಾರಣ ನಮ್ಮ ಸಮೀಪದ್ದೇ. ನಮ್ಮ ಭಾಗದ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಕಾನೂನು ಅರಿವಿನ ಕಾರ್ಯಕ್ರಮಕ್ಕೆಂದು ಹೋಗಿದ್ದೆ. ಮಾತಿನ ನಡುವೆ, "ನಿಮ್ಮಲ್ಲಿ ಸೈಕಲ್ ತುಳಿಯುವ ಹೆಣ್ಣುಮಕ್ಕಳು ಎಷ್ಟು ಮಂದಿ?" ಎಂದು ಕೇಳಿದೆ. ಎಂಟನೆಯ ತರಗತಿಯ ಸಾಲಿನಲ್ಲಿ ಹತ್ತಾರು ಕೈಗಳು ಎದ್ದವು. ಒಂಬತ್ತರ ಸಾಲಿನಲ್ಲಿ ಅದರ ಅರ್ಧ. ಹತ್ತನೆಯ ತರಗತಿಯಲ್ಲಿ ಎರಡೇ ಎರಡು. ಸಭೆ ಮುಗಿದ ಬಳಿಕ ಹತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಕರೆದು, "ನಿನಗೆ ಸೈಕಲ್ ಇರಲಿಲ್ಲವೇನಮ್ಮಾ?" ಎಂದೆ. "ಇತ್ತು ಸಾರ್. ಚೈನು ಕಿತ್ತೋಗಿತ್ತು. ನಮ್ಮಣ್ಣ ರಿಪೇರಿ ಮಾಡಿಸ್ಕೊಂಡು ಹೊಲಕ್ಕೆ ಒಯ್ತಾನೆ" ಎಂದಳು. ಅವಳ ಸ್ವರದಲ್ಲಿ ದೂರು ಇರಲಿಲ್ಲ. ಮಳೆ ಬಂತು, ಬಿಸಿಲು ಬಂತು ಎಂಬಷ್ಟು ಸಹಜವಾಗಿ ಹೇಳಿದಳು. ಆ ಸಹಜತೆಯೇ ನನ್ನನ್ನು ಕಾಡಿತು. ಮನೆಗೆ ಬಂದ ಮೇಲೆ, ಹಿಂದೊಮ್ಮೆ ಓದಿ ಮನಸ್ಸಿನಲ್ಲಿ ಉಳಿದಿದ್ದ ಯೊವಾಂಕಾ ಅವರ ಜೀವನ ನೆನಪಾಯಿತು.

ಕ್ಯೂಬಾ ಒಂದು ದ್ವೀಪರಾಷ್ಟ್ರ. ವಿಸ್ತೀರ್ಣದಲ್ಲಿ ನಮ್ಮ ಆಂಧ್ರಪ್ರದೇಶಕ್ಕಿಂತ ಚಿಕ್ಕದು. ಸುಮಾರು 1 ಲಕ್ಷ 10 ಸಾವಿರ ಚದರ ಕಿಲೋಮೀಟರ್. ಜನಸಂಖ್ಯೆ ಒಂದು ಕೋಟಿಯ ಆಸುಪಾಸು. ಕಬ್ಬು, ಸಕ್ಕರೆ, ಹೊಗೆಸೊಪ್ಪು ಅಲ್ಲಿಯ ಹಳೆಯ ಬೆಳೆ ಮತ್ತು ವ್ಯಾಪಾರ. 1962ರಿಂದ ಅಮೆರಿಕ ಆ ದೇಶದೊಡನೆ ವ್ಯಾಪಾರವನ್ನು ನಿರ್ಬಂಧಿಸಿದೆ. ಇಂತಹ ದೇಶದ ಮಧ್ಯಭಾಗದಲ್ಲಿರುವ ವಿಯಾ ಕ್ಲಾರಾ ಪ್ರಾಂತದ ಸಿಫುವೆಂತೆಸ್ ಎಂಬ ಸಣ್ಣ ಊರಿನಲ್ಲಿ 1976ರ ಜನವರಿ 9ರಂದು ಯೊವಾಂಕಾ ಜನಿಸಿದರು.

ಅವರಿಗೆ ಹದಿನೈದು ವರ್ಷ ತುಂಬಿದ 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿಯಿತು. ಕ್ಯೂಬಾಕ್ಕೆ ಅಗ್ಗದಲ್ಲಿ ಬರುತ್ತಿದ್ದ ಪೆಟ್ರೋಲು, ಡೀಸೆಲ್ ನಿಂತುಹೋದವು. ಬಸ್ಸುಗಳು ನಿಂತವು, ಟ್ರ್ಯಾಕ್ಟರುಗಳು ನಿಂತವು, ಊಟದ ತಟ್ಟೆಯೂ ಬರಿದಾಗತೊಡಗಿತು. ಆ ದಿನಗಳನ್ನು ಅಲ್ಲಿಯವರು 'ವಿಶೇಷ ಅವಧಿ' ಎಂದು ಕರೆಯುತ್ತಾರೆ. ಸರ್ಕಾರ ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್‌ಗಳನ್ನು ತರಿಸಿ ಜನರ ಕೈಗಿತ್ತಿತು. ವೈದ್ಯರು, ಶಿಕ್ಷಕಿಯರು, ಕಾರ್ಖಾನೆಯ ಕೆಲಸಗಾರರು, ವಿದ್ಯಾರ್ಥಿನಿಯರು ಸೈಕಲ್ ಹತ್ತಿದರು. ರಾಜಧಾನಿ ಹವಾನಾದಲ್ಲಿ ಕೊಲ್ಲಿಯ ಕೆಳಗಿನ ಸುರಂಗವನ್ನು ಸೈಕಲ್‌ನವರು ದಾಟುವುದಕ್ಕೆಂದು, ಸವಾರರನ್ನೂ ಸೈಕಲ್‌ಗಳನ್ನೂ ಒಟ್ಟಿಗೆ ಕೊಂಡೊಯ್ಯುವ ಪ್ರತ್ಯೇಕ ಬಸ್ಸುಗಳನ್ನು ಓಡಿಸಿದರು. ಅದು ಬಡತನದ ಕಾಲ, ಸಂಭ್ರಮದ ಕಾಲವಲ್ಲ. ಆದರೂ ಅದರಿಂದ ಒಂದು ವಿಷಯ ತಾನಾಗಿ ನಡೆದುಹೋಯಿತು: ಹೆಣ್ಣುಮಗಳೊಬ್ಬಳು ಸೈಕಲ್ ಮೇಲೆ ಹೋದರೆ ತಿರುಗಿ ನೋಡುವವರೇ ಇಲ್ಲವಾದರು.

ಅದೇ 1991ರಲ್ಲಿ ಹವಾನಾದಲ್ಲಿ ಅಮೆರಿಕ ಖಂಡಗಳ ದೇಶಗಳೆಲ್ಲ ಸೇರುವ ಪ್ಯಾನ್ ಅಮೆರಿಕನ್ ಕ್ರೀಡಾಕೂಟ ನಡೆಯಿತು. ಅದಕ್ಕಾಗಿ ಕಟ್ಟಿದ ಬಯಲು ಸೈಕಲ್ ಕ್ರೀಡಾಂಗಣವು ಮುಂದೆ ಕ್ಯೂಬಾದ ಸವಾರರಿಗೆ ತಾಲೀಮಿನ ಅಂಗಳವಾಯಿತು. ಇದಲ್ಲದೆ 1961ರಲ್ಲಿಯೇ ಆ ದೇಶ ಕ್ರೀಡೆಗೆಂದು ಒಂದು ರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿತ್ತು. ಪ್ರಾಂತಪ್ರಾಂತಗಳಲ್ಲಿ ಕ್ರೀಡಾ ಶಾಲೆಗಳಿದ್ದವು. ಅಲ್ಲಿ ಮಕ್ಕಳು ಪಾಠವನ್ನೂ ಆಟವನ್ನೂ ಒಂದೇ ಸೂರಿನಡಿ ಕಲಿಯುತ್ತಿದ್ದರು. ಆಟಕ್ಕಾಗಿ ಓದನ್ನಾಗಲಿ ಓದಿಗಾಗಿ ಆಟವನ್ನಾಗಲಿ ಬಿಡಬೇಕಾದ ಇಕ್ಕಟ್ಟು ಅವರಿಗಿರಲಿಲ್ಲ. ಯೊವಾಂಕಾ ಅವರ ಪೀಳಿಗೆ ಬೆಳೆದದ್ದು ಇಂತಹ ನೆಲದಲ್ಲಿ.

ಅವರು ರಸ್ತೆಯಲ್ಲಿಯೂ ಟ್ರ್ಯಾಕಿನಲ್ಲಿಯೂ ಸ್ಪರ್ಧಿಸಿದವರು. ಈ ಎರಡಕ್ಕೂ ಇರುವ ಭೇದವನ್ನು ಮಕ್ಕಳಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಸ್ತೆ ಪಂದ್ಯವು ಊರಿಂದೂರಿಗೆ ಸಾಗುವ ಪಂದ್ಯ; ಏರು, ಇಳಿತ, ತಿರುವು, ಬಿಸಿಲು, ಗಾಳಿ ಎಲ್ಲವೂ ಅದರಲ್ಲಿ ಪಾಲುದಾರರು. ಟ್ರ್ಯಾಕ್ ಪಂದ್ಯವು ಮೊಟ್ಟೆಯಾಕಾರದ ಅಂಗಳದೊಳಗೆ ಸುತ್ತುಹಾಕುವ ಪಂದ್ಯ. ಒಲಿಂಪಿಕ್ಸ್‌ನಲ್ಲಿ ಆ ಅಂಗಳದ ಒಂದು ಸುತ್ತು 250 ಮೀಟರ್. ನೆಲ ಮರದ ಹಲಗೆಯದು. ತಿರುವಿನಲ್ಲಿ ನೆಲವು ಗೋಡೆಯಂತೆ 40 ಡಿಗ್ರಿಗಿಂತಲೂ ಕಡಿದಾಗಿ ಓರೆಯಾಗಿ ಎದ್ದಿರುತ್ತದೆ. ನಿಧಾನವಾಗಿ ಹೋದವರು ಕೆಳಕ್ಕೆ ಜಾರಿಬೀಳುತ್ತಾರೆ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇಲ್ಲ. ಹಿಂದಿನ ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ. ಕಾಲನ್ನು ಸುಮ್ಮನಿರಿಸಿ ಸಾಗುವ ಸೌಕರ್ಯ ಅದರಲ್ಲಿಲ್ಲ.

ಇನ್ನೊಂದು ಗುಟ್ಟು ಗಾಳಿಯದು. ಆಷಾಢದ ಎದುರುಗಾಳಿಯಲ್ಲಿ ಗುಂತಕಲ್ಲಿನ ರಸ್ತೆಯಲ್ಲಿ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಮುಂದೆ ಹೋಗುವವಳು ಗಾಳಿಯನ್ನು ಸೀಳುತ್ತಾಳೆ. ಅವಳ ಚಕ್ರದ ಹಿಂದೆಯೇ ಅಂಟಿಕೊಂಡು ಬರುವವಳು ಕಾಲು ಭಾಗಕ್ಕೂ ಮಿಕ್ಕಿ ಶ್ರಮವನ್ನು ಉಳಿಸಿಕೊಳ್ಳುತ್ತಾಳೆ. ಹಾಗಾಗಿ ಈ ಆಟದಲ್ಲಿ ಕಾಲಿನ ಬಲ ಎಷ್ಟು ಮುಖ್ಯವೋ, ಯಾವಾಗ ಯಾರ ಹಿಂದಿರಬೇಕು, ಯಾವಾಗ ಹೊರಬರಬೇಕು ಎಂಬ ವಿವೇಕವೂ ಅಷ್ಟೇ ಮುಖ್ಯ. ಆ ವಿವೇಕ ಹದಿನೆಂಟರಲ್ಲಿ ಪೂರ್ತಿಯಾಗಿ ಬರುವುದಿಲ್ಲ. ಅದು ವರ್ಷಗಳ ಗಳಿಕೆ.

2004ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ನಡೆದ ವಿಶ್ವ ಟ್ರ್ಯಾಕ್ ಸ್ಪರ್ಧೆಯಲ್ಲಿ ಯೊವಾಂಕಾ 'ಸ್ಕ್ರ್ಯಾಚ್' ಪಂದ್ಯವನ್ನು ಗೆದ್ದು ವಿಶ್ವವಿಜೇತೆಯಾದರು. ಎಲ್ಲರೂ ಒಟ್ಟಿಗೆ ಹೊರಟು, 10 ಕಿಲೋಮೀಟರ್ ಅಂದರೆ 40 ಸುತ್ತು ಸಾಗಿ, ಮೊದಲು ಗುರಿಮುಟ್ಟಿದವರು ಗೆಲ್ಲುವ ಸರಳ ಪಂದ್ಯವಿದು. ನಮ್ಮ ದಸರೆಯ ಕುದುರೆ ಓಟಕ್ಕೆ ಇದೇ ಹತ್ತಿರದ ಬಂಧು. ಆಗ ಅವರ ವಯಸ್ಸು 28.

ನಾಲ್ಕು ವರ್ಷಗಳ ನಂತರ ಬೀಜಿಂಗ್‌ನಲ್ಲಿ ಅವರಿಗೆ ಪದಕ ತಂದದ್ದು 'ಅಂಕಗಳ ಪಂದ್ಯ'. ಇದರ ನಿಯಮ ಬೇರೆ. ಒಟ್ಟು 25 ಕಿಲೋಮೀಟರ್, ನೂರು ಸುತ್ತು. ಪ್ರತಿ ಹತ್ತನೆಯ ಸುತ್ತಿಗೊಮ್ಮೆ ಗುರಿಯ ಗೆರೆಯನ್ನು ಮೊದಲು ದಾಟಿದವರಿಗೆ 5 ಅಂಕ, ನಂತರದವರಿಗೆ 3, 2 ಮತ್ತು 1. ಹೀಗೆ ಹತ್ತು ಸಲ. ಗುಂಪನ್ನು ಬಿಟ್ಟು ಮುಂದೋಡಿ, ಇಡೀ ಒಂದು ಸುತ್ತು ಹೆಚ್ಚಾಗಿ ಸಾಗಿ, ಹಿಂದಿನಿಂದ ಬಂದು ಅದೇ ಗುಂಪನ್ನು ಕೂಡಿಕೊಂಡವರಿಗೆ 20 ಅಂಕ. ಕೊನೆಗೆ ಯಾರ ಅಂಕಗಳ ಮೊತ್ತ ಹೆಚ್ಚೋ ಅವರದೇ ಗೆಲುವು.

ಅಂದು ಹಾಲೆಂಡ್ ದೇಶದ ಮರಿಯಾನಾ ವೊಸ್ ಗುಂಪನ್ನು ತೊರೆದು ಒಂದು ಸುತ್ತನ್ನು ಗಳಿಸಿದರು. ಅವರಿಗಾಗ 21 ವರ್ಷ. ಯೊವಾಂಕಾ ಅವರಿಗಿಂತ ಹನ್ನೊಂದು ವರ್ಷ ಕಿರಿಯರು. ಪಂದ್ಯ ಮುಗಿದಾಗ ವೊಸ್ ಅವರಿಗೆ 30 ಅಂಕ, ಯೊವಾಂಕಾ ಅವರಿಗೆ 18, ಸ್ಪೇನ್ ದೇಶದ ಲೇಯ್ರೆ ಓಲಬೆರಿಯಾ ಅವರಿಗೆ 13. ವೊಸ್ ಅವರ 30ರಲ್ಲಿ 20 ಅಂಕ ಆ ಒಂದು ಸುತ್ತಿನದು. ಯೊವಾಂಕಾ ಅವರ 18 ಅಂಕಗಳು ಮಾತ್ರ ಐದು, ಮೂರು, ಎರಡು, ಒಂದು ಎಂದು ಕೂಡುತ್ತ ಬಂದವು. ಒಮ್ಮೆಗೇ ದೊರೆತ ದೊಡ್ಡ ಲಾಭ ಅದರಲ್ಲಿಲ್ಲ. ಹತ್ತು ಸುತ್ತಿಗೊಮ್ಮೆ ಉಸಿರು ಕಟ್ಟಿ ಓಡುವುದು, ಮತ್ತೆ ಗುಂಪಿನೊಳಗೆ ಸೇರಿ ಉಸಿರು ಸುಧಾರಿಸಿಕೊಳ್ಳುವುದು, ಮತ್ತೆ ಹೊರಬರುವುದು. ಹೀಗೆ ನೂರನೆಯ ಸುತ್ತಿನವರೆಗೆ.

ನಮ್ಮ ಸೀಮೆಯವರಿಗೆ ಇಲ್ಲೊಂದು ಹೋಲಿಕೆ ಹೇಳಬೇಕೆನಿಸುತ್ತದೆ. ಮೊದಲ ಮಳೆ ಬಿದ್ದೊಡನೆ ತುಗ್ಗಲಿ, ಜೊನ್ನಗಿರಿ, ಮದ್ದಿಕೇರದ ಹೊಲಗಳಲ್ಲಿ ಜನ ತಲೆಬಗ್ಗಿಸಿಕೊಂಡು ವಜ್ರ ಹುಡುಕುತ್ತಾರೆ. ಒಂದು ಕಲ್ಲು ಸಿಕ್ಕಿದರೆ ಬಾಳೇ ಬದಲಾಯಿತೆಂಬ ಆಸೆ. ಅದನ್ನು ನಾನು ಹಳಿಯುವುದಿಲ್ಲ. ಮಳೆಯನ್ನೇ ನಂಬಿದ ನೆಲದಲ್ಲಿ ಅದೃಷ್ಟವನ್ನೂ ನಂಬುವುದು ಸಹಜ. ಆದರೆ ಮಕ್ಕಳ ಪ್ರತಿಭೆಯನ್ನೂ ನಾವು ಹಾಗೆಯೇ ಹುಡುಕುತ್ತೇವೆ. ಒಮ್ಮೆ ನೋಡಿದಾಗ ಹೊಳೆದರೆ ವಜ್ರ, ಹೊಳೆಯದಿದ್ದರೆ ಬೆಣಚುಕಲ್ಲು ಎಂದು ಎಸೆದುಬಿಡುತ್ತೇವೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಜಿಲ್ಲಾ ಮಟ್ಟದ ಬಹುಮಾನ ಬಾರದಿದ್ದರೆ, "ಇನ್ನು ಸಾಕು, ಓದು, ಇಲ್ಲವೇ ಮನೆಗೆಲಸ ನೋಡು" ಎನ್ನುತ್ತೇವೆ. ಯೊವಾಂಕಾ ಅವರಿಗೆ ವಿಶ್ವ ಕಿರೀಟ ದೊರೆತದ್ದು 28ರಲ್ಲಿ, ಒಲಿಂಪಿಕ್ ಪದಕ 32ರಲ್ಲಿ. ಹದಿನಾಲ್ಕರಲ್ಲಿಯೇ ಸೈಕಲ್ಲಿನಿಂದ ಇಳಿಸಿದ್ದರೆ ಆ 18 ಅಂಕಗಳು ಎಲ್ಲಿಂದ ಬರುತ್ತಿದ್ದವು?

ಮತ್ತೊಂದು ಸಂಗತಿಯನ್ನು ಕಾನೂನಿನ ವಿದ್ಯಾರ್ಥಿಯಾಗಿ ಗಮನಿಸಿದ್ದೇನೆ. ಆಧುನಿಕ ಒಲಿಂಪಿಕ್ಸ್‌ನಲ್ಲಿ ಪುರುಷರ ಸೈಕಲ್ ಪಂದ್ಯ ಮೊದಲ ಕೂಟವಾದ 1896ರಿಂದಲೇ ಇದೆ. ಮಹಿಳೆಯರಿಗೆ ಬಾಗಿಲು ತೆರೆದದ್ದು 1984ರಲ್ಲಿ. 88 ವರ್ಷಗಳ ನಂತರ. ಮಹಿಳೆಯರ ಅಂಕಗಳ ಪಂದ್ಯ ಸೇರಿದ್ದು 1996ರಲ್ಲಿ. ಬೀಜಿಂಗ್ ಕೂಟದ ಬಳಿಕ, ಪುರುಷರಿಗೂ ಮಹಿಳೆಯರಿಗೂ ಸಮಾನ ಸಂಖ್ಯೆಯ ಟ್ರ್ಯಾಕ್ ಸ್ಪರ್ಧೆಗಳಿರಬೇಕೆಂದು ಪಟ್ಟಿಯನ್ನು ಮಾರ್ಪಡಿಸಿದಾಗ, ಪ್ರತ್ಯೇಕ ಅಂಕಗಳ ಪಂದ್ಯವನ್ನೇ ಕೈಬಿಟ್ಟರು. ಯಾವ ಪಂದ್ಯದಲ್ಲಿ ಯೊವಾಂಕಾ ಪದಕ ಗೆದ್ದರೋ ಆ ಪಂದ್ಯ 2012ರ ಲಂಡನ್ ಕೂಟದಲ್ಲಿ ಇರಲಿಲ್ಲ. ಸಮಾನತೆಯ ಉದ್ದೇಶ ಸರಿಯಾದದ್ದೇ. ಆದರೂ ನಿಯಮದ ಒಂದು ಸಾಲು ಬದಲಾದರೆ ಒಬ್ಬರ ಜೀವಮಾನದ ಅಭ್ಯಾಸ ನೆಲೆ ಕಳೆದುಕೊಳ್ಳಬಹುದು. ಅವಕಾಶ ತೆರೆದಿರುವಾಗ ಅದರೊಳಗೆ ಇರುವುದೇ ಮುಖ್ಯವಾಗುವುದು ಇದರಿಂದಲೇ.

ಯೊವಾಂಕಾ ಒಬ್ಬರೇ ಆಗಿದ್ದರೆ ಅದನ್ನು ಅಪವಾದವೆನ್ನಬಹುದಿತ್ತು. ಹಾಗಾಗಲಿಲ್ಲ. 2007 ಮತ್ತು 2009ರಲ್ಲಿ ಯುಮಾರಿ ಗೊನ್ಸಾಲೆಸ್ ಅದೇ ಸ್ಕ್ರ್ಯಾಚ್ ಪಂದ್ಯದಲ್ಲಿ ವಿಶ್ವವಿಜೇತೆಯಾದರು. 2008ರಲ್ಲಿ ಲಿಸಾಂದ್ರಾ ಗೆರ್ರಾ ಎಂಬ ಇಪ್ಪತ್ತರ ಯುವತಿ 500 ಮೀಟರ್ ಪಂದ್ಯದಲ್ಲಿ ವಿಶ್ವ ಕಿರೀಟ ಧರಿಸಿದರು. ಆರು ವರ್ಷಗಳ ಅವಧಿಯಲ್ಲಿ ಒಂದು ಸಣ್ಣ ದ್ವೀಪದ ಮೂವರು ಮಹಿಳೆಯರು ನಾಲ್ಕು ವಿಶ್ವ ಕಿರೀಟಗಳನ್ನು ತಂದರು. ಅವರ ಹಿಂದೆ ಬಂದವರು ರಸ್ತೆ ಪಂದ್ಯದಲ್ಲಿ ಹೆಸರಾದ ಅರ್ಲೆನಿಸ್ ಸಿಯೆರ್ರಾ. 2011ರಲ್ಲಿ ಮೆಕ್ಸಿಕೋದ ಗ್ವಾಡಲಹಾರಾದಲ್ಲಿ ನಡೆದ ಪ್ಯಾನ್ ಅಮೆರಿಕನ್ ಕೂಟದ ರಸ್ತೆ ಪಂದ್ಯದಲ್ಲಿ ಚಿನ್ನ ಗೆದ್ದಾಗ ಅವರಿಗಿನ್ನೂ 18 ವರ್ಷ. ಮುಂದೆ 2017ರಲ್ಲಿ ವೃತ್ತಿಪರ ತಂಡವೊಂದನ್ನು ಸೇರಿ, 2019ರಲ್ಲಿ ಆಸ್ಟ್ರೇಲಿಯಾದ ಕ್ಯಾಡಲ್ ಇವಾನ್ಸ್ ರಸ್ತೆ ಪಂದ್ಯವನ್ನು ಗೆದ್ದರು. ಮುಂದಿನವಳು ಗಾಳಿಯನ್ನು ಸೀಳಿದರೆ ಹಿಂದಿನವಳಿಗೆ ದಾರಿ ಹಗುರವಾಗುತ್ತದೆಂಬುದು ಟ್ರ್ಯಾಕಿನಲ್ಲಿ ಮಾತ್ರ ನಿಜವಲ್ಲ.

ಇದನ್ನು ಕಾಣಲು ನಾವು ಕ್ಯೂಬಾದವರೆಗೆ ಹೋಗಲೇಬೇಕೆಂದಿಲ್ಲ. ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ, ಗದಗ ಮಾರ್ಗವಾಗಿ ರೈಲಿನಲ್ಲಿ ಹೋದರೆ ಬಾಗಲಕೋಟೆ, ವಿಜಯಪುರ ಸಿಗುತ್ತವೆ. ನಮ್ಮದೇ ಕನ್ನಡ ಮಾತು, ನಮ್ಮಂತೆಯೇ ಎರೆಭೂಮಿ, ನಮ್ಮಂತೆಯೇ ಬಿಸಿಲು. ಆ ಎರಡು ಜಿಲ್ಲೆಗಳ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕಲ್ ಸವಾರರು, ಅವರಲ್ಲಿ ಎಷ್ಟೋ ಮಂದಿ ರೈತರ ಮನೆಯ ಹೆಣ್ಣುಮಕ್ಕಳು, ದಶಕಗಳಿಂದ ಬರುತ್ತಿದ್ದಾರೆ. ಅಲ್ಲಿ ಸರ್ಕಾರಿ ಕ್ರೀಡಾ ವಸತಿನಿಲಯಗಳಲ್ಲಿ ಸೈಕಲ್ ತರಬೇತಿ ಇದೆ. ಒಂದು ಊರಿನ ಹುಡುಗಿ ಪದಕ ತಂದಳೆಂದರೆ ಪಕ್ಕದೂರಿನ ತಂದೆ ತನ್ನ ಮಗಳನ್ನು ಕಳುಹಿಸಲು ಹಿಂಜರಿಯುವುದಿಲ್ಲ. ಹಾಗಿದ್ದರೂ ಭಾರತದ ಮಹಿಳೆಯೊಬ್ಬರು ಒಲಿಂಪಿಕ್ಸ್ ಸೈಕಲ್ ಪಂದ್ಯದಲ್ಲಿ ಸ್ಪರ್ಧಿಸುವುದು ಇನ್ನೂ ಬಾಕಿ ಇದೆ. ಆ ಮೊದಲ ಹೆಸರು ಕನ್ನಡ ಶಾಲೆಯ ಹಾಜರಿ ಪುಸ್ತಕದಿಂದ ಬರಬಾರದೆಂದು ಯಾವ ಕಾನೂನೂ ಹೇಳಿಲ್ಲ.

ಕಾನೂನಿನ ಮಾತು ಬಂದುದರಿಂದ ಎರಡು ವಿಷಯ ತಿಳಿಸುತ್ತೇನೆ. ಸೈಕಲ್ ಮೋಟಾರು ವಾಹನವಲ್ಲ. ಅದಕ್ಕೆ ಪರವಾನಗಿ ಬೇಡ, ಪೆಟ್ರೋಲೂ ಬೇಡ. ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಅನ್ವಯಿಸುವ 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನವಿರಬೇಕು, ತರಗತಿಗಳಿಗೆ ಬೇಕಾದಂತೆ ಆಟದ ಸಾಮಗ್ರಿ ಒದಗಿಸಬೇಕು ಎಂದಿದೆ. ಕನ್ನಡ ಮಾಧ್ಯಮದ ಶಾಲೆಗೂ ತೆಲುಗು ಮಾಧ್ಯಮದ ಶಾಲೆಗೂ ಇದರಲ್ಲಿ ಭೇದವಿಲ್ಲ. ಪಠ್ಯಪುಸ್ತಕ ತಡವಾದರೆ ನಾವು ಕೇಳುತ್ತೇವೆ, ಕನ್ನಡ ಶಿಕ್ಷಕರ ಹುದ್ದೆ ಖಾಲಿ ಉಳಿದರೆ ಕೇಳುತ್ತೇವೆ, ಕೇಳಲೇಬೇಕು. ಅದೇ ಅರ್ಜಿಯಲ್ಲಿ ಮೈದಾನದ ವಿಷಯಕ್ಕೂ ಒಂದು ಸಾಲು ಸೇರಿಸಬಹುದು.

ಆದರೆ ಎಲ್ಲವೂ ಸರ್ಕಾರದ ಕೈಯಲ್ಲಿಲ್ಲ. ಕರ್ನಾಟಕದಲ್ಲಿ 2006-07ರಿಂದ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡತೊಡಗಿದರು. ಕೆಲವು ವರ್ಷಗಳ ಹಿಂದೆ ನಮ್ಮ ಆಂಧ್ರದಲ್ಲಿಯೂ 'ಬಡಿಕೊಸ್ತಾ' ಎಂಬ ಹೆಸರಿನಲ್ಲಿ ಪ್ರೌಢಶಾಲೆಯ ಹುಡುಗಿಯರಿಗೆ ಸೈಕಲ್ ದೊರೆತವು. ಸರ್ಕಾರ ಸೈಕಲ್ ಕೊಡಬಲ್ಲದು. ಅದರ ಮೇಲೆ ಮಗಳು ಎಷ್ಟು ವರ್ಷ ಕುಳಿತಿರಬೇಕೆಂದು ನಿರ್ಧರಿಸುವುದು ಮನೆ. ಚೈನು ಕಿತ್ತುಹೋದಾಗ ರಿಪೇರಿಯಾಗಿ ಮರಳಿ ಬರುವುದು ಅವಳ ಕೈಗೋ ಅಣ್ಣನ ಕೈಗೋ ಎಂಬುದನ್ನು ತೀರ್ಮಾನಿಸುವ ನ್ಯಾಯಾಲಯವೂ ಮನೆಯೇ. ಹೊಲಕ್ಕೆ ಹೋಗಲು ಅಣ್ಣನಿಗೂ ಸೈಕಲ್ ಬೇಕೆಂಬುದನ್ನು ನಾನು ಬಲ್ಲೆ. ಶೇಂಗಾ, ಹತ್ತಿ ಕೈಕೊಟ್ಟ ವರ್ಷ ಮನೆಗೆ ಎರಡನೆಯ ಸೈಕಲ್ ಕೊಳ್ಳುವುದು ಸುಲಭವಲ್ಲವೆಂಬುದನ್ನೂ ಬಲ್ಲೆ. ಬೆಳಗಿನ ಹೊತ್ತು ಅವಳಿಗೆ, ಸಂಜೆಯ ಹೊತ್ತು ಅವನಿಗೆ ಎಂಬ ರಾಜಿ ಸಾಧ್ಯವಿಲ್ಲವೇ? ದಾವೆಗಳಲ್ಲಿ ಇದಕ್ಕಿಂತ ಕಠಿಣವಾದ ರಾಜಿಗಳನ್ನು ನಾನು ಕಂಡಿದ್ದೇನೆ.

ಕೊನೆಗೆ ಒಂದು ಸೂಚನೆ. ಅಂಕಗಳ ಪಂದ್ಯಕ್ಕೆ ಮರದ ಹಲಗೆಯ ಅಂಗಳವೇ ಬೇಕೆಂದಿಲ್ಲ. ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯಿರಿ. ಇಪ್ಪತ್ತು ಸುತ್ತು ಇಡಿ. ಪ್ರತಿ ಐದನೆಯ ಸುತ್ತಿಗೆ 5, 3, 2, 1 ಅಂಕ ಕೊಡಿ. ಅಂಕ ಕೂಡುವ ಕೆಲಸವನ್ನು ಕೆಳಗಿನ ತರಗತಿಯ ಮಕ್ಕಳಿಗೆ ಒಪ್ಪಿಸಿ. ಅವರಿಗೆ ಗಣಿತವೂ ಆಯಿತು. ಬ್ರೇಕ್ ಇರುವ ಸಾಮಾನ್ಯ ಸೈಕಲ್ ಸಾಕು. ಒಮ್ಮೆ ಹಿಂದೆ ಬಿದ್ದವಳು ಮುಂದಿನ ಐದು ಸುತ್ತಿನಲ್ಲಿ ಮತ್ತೆ ಅಂಕ ಗಳಿಸಬಹುದೆಂಬುದನ್ನು ಹುಡುಗಿಯರು ಆಡಿಯೇ ತಿಳಿದುಕೊಳ್ಳುವರು. ಬರುವ ದಸರೆಗೆ, ಕುದುರೆಗಳು ಓಡುವ ಮುನ್ನಾದಿನ, ಯಾವುದಾದರೂ ಒಂದು ಕನ್ನಡ ಶಾಲೆ ಇಂತಹ ಪಂದ್ಯವನ್ನು ಏರ್ಪಡಿಸಿದರೆ ಗೆರೆಯ ಬಳಿ ನಿಂತು ಸುತ್ತು ಎಣಿಸಲು ನಾನು ಬರುತ್ತೇನೆ. ಹತ್ತನೆಯ ತರಗತಿಯ ಹುಡುಗಿಯರ ಸೈಕಲ್ಲುಗಳಿಗೆ ಹೊಸ ಚೈನು ಹಾಕಿಸುವ ಖರ್ಚೂ ನನ್ನದೇ.